ತಲಿಗೆ ಕರೆಂಟು, ಕಣ್ಣಿಗೆ ನಿದ್ದಿ

ನಮ್ಮ ಮನ್ಯಾಗ "ಕರೆಂಟು" ಅನ್ನೋ ಮಾತಿಗೆ ಎರಡು ಅರ್ಥ ಅದಾವು. ಒಂದು, ಕಂಬದಿಂದ ಬರೋದು, ನಾಕ ಹನಿ ಮಳಿ ಬಿದ್ದ ಕೂಡ್ಲೆ ಹೋಗೋದು. ಇನ್ನೊಂದು, ನಮ್ಮ ಅತ್ತಿ ತಂಗಿಗೆ ಮೂವತ್ತೈದು ವರ್ಷದ ಹಿಂದ ದವಾಖಾನ್ಯಾಗ ತಲಿಗೆ ಕೊಟ್ಟಿದ್ದು. ಮೊದಲನೇದರ ಬಗ್ಗೆ ದಿನಾ ಬೈಕೊಂತ ಮಾತಾಡ್ತೀವಿ. ಎರಡನೇದರ ಬಗ್ಗೆ ಯಾರೂ ಬಾಯಿ ಬಿಡಂಗಿಲ್ಲ. ಇವತ್ತು ಅತ್ತೀನ ಕೇಳಿ, ಅವರು "ಬರಿ, ಏನಾಗತೈತಿ" ಅಂದ ಮ್ಯಾಲೆನ ಬರಿಯಾಕ ಕುಂತೀನಿ.

ಹೋದ ತಿಂಗಳು ಒಂದಿನ ರಾತ್ರಿ ಊಟಕ್ಕ ಕುಂತಿದ್ವಿ. ನಮ್ಮ ಸಣ್ಣಾಕಿ, ದ್ವಿತೀಯ ಪಿಯು ಸೈನ್ಸ್ ಓದಾಕಿ, ರೊಟ್ಟಿ ಮುರಕೊಂತ ಅಂದ್ಲು: "ಅವ್ವಾ, ತಲಿಗೆ ಕಟ್ಕೊಂಡು ಮಲಗೋ ಒಂದು ಪಟ್ಟಿ ಬಂದೈತಿ. ಸಣ್ಣಗ ಕರೆಂಟ್ ಬಿಡತೈತಂತ. ಓದಿದ್ದು ಮರಿಯಂಗಿಲ್ಲಂತ. ನನ್ನ ಗೆಳತಿ ಅಣ್ಣ ತರಿಸ್ಯಾನ. ನನಗೂ ಒಂದು ತರಿಸಿ ಕೊಡು."

ಅತ್ತಿ ಕೈಯಾಗಿನ ತುತ್ತು ಕೈಯಾಗ ಉಳೀತು. "ಏನಂದಿ? ತಲಿಗೆ ಕರೆಂಟಾ? ಕರೆಂಟ್ ಕೊಟ್ಟ ಮ್ಯಾಲೆ ನನ್ನ ತಂಗಿ ನನ್ನ ಕುಬಸಾನ ಮರತು ಬಿಟ್ಲು. ತಾನ ಮುಂದ ನಿಂತು ನನಗ ಹಸರ ಬಳಿ ಇಡಿಸಿದಾಕಿ, 'ನಾ ಯಾವಾಗ ಬಂದಿದ್ದೆ ಅಕ್ಕಾ' ಅಂತ ಕೇಳಿದ್ಲು. ನೀ ನೆಪ್ಪು ಹೆಚ್ಚ ಮಾಡ್ಕೊಳ್ಳಾಕ ಕರೆಂಟ್ ಇಟ್ಕೊಂತೀಯೇನ?" ಅಂದವ್ರ ತಾಟು ಸರಿಸಿ ಎದ್ದು ಹೋದ್ರು.

ಸಣ್ಣಾಕಿ ಕಣ್ಣಾಗ ನೀರು. "ನಾ ಏನ್ ಅಂದೆ ಈಗ? ಅವ್ವಾ, ರಾತ್ರಿ ಓದಿದ್ದು ಮುಂಜಾನಿ ಬರವಲ್ದು. ನಾ ಏನ್ ಮಾಡ್ಲಿ?"

ನನಗ ಆ ರಾತ್ರಿ ನಿದ್ದಿ ಹತ್ತಲಿಲ್ಲ. ಕರೆಂಟು ನೆಪ್ಪು ಅಳಸತೈತಿ ಅಂತಾರ ಅತ್ತಿ, ಗಟ್ಟಿ ಮಾಡತೈತಿ ಅಂತಾಳ ಮಗಳು. ಇಬ್ಬರಾಗ ಖರೇ ಯಾರು? ಮರುದಿನ ಆಕಿಗೆ ಹೇಳಿದೆ: "ತರಸೋದು ಆಮ್ಯಾಲೆ. ಮೊದಲ ಅದು ಏನು ಅಂತ ನಾವಿಬ್ಬರೂ ಕೂಡಿ ಓದೂಣು. ಇಂಗ್ಲಿಷ್ ನೀ ಓದಿ ಹೇಳು, ನಾ ಬರಕೊಂತೀನಿ." ಮೂರು ಐತವಾರ ಹಿಡೀತು. ಅಡಗಿ ಮನಿ ಲೆಕ್ಕದ ವಹಿಯೊಳಗ, ಹಾಲಿನ ಲೆಕ್ಕದ ಹಿಂದಿನ ಹಾಳ್ಯಾಗ ಬರಕೊಂಡೀನಿ. ಅದನ್ನ ನಿಮ್ಮ ಮುಂದ ಇಡ್ತೀನಿ. ಯಾಕಂದ್ರ ಪರೀಕ್ಷಿಗೆ ಕುಂಡ್ರೋ ಮಕ್ಕಳು ನಮ್ಮ ಓಣ್ಯಾಗ ಮನಿಗೊಬ್ಬರು ಅದಾರ.

ಮೊದಲ ಅತ್ತಿ ತಂಗಿ ಮಾತು ಮುಗಸ್ತೀನಿ. ಆಕಿಗೆ ಕೊಟ್ಟಿದ್ದು ಇಸಿಟಿ ಅನ್ನೋ ಚಿಕಿತ್ಸೆ. 1938ರಾಗ ಇಟಲಿಯ ರೋಮ್‌ನ್ಯಾಗ ಚೆರ್ಲೆಟ್ಟಿ, ಬಿನಿ ಅನ್ನೋ ಇಬ್ಬರು ಡಾಕ್ಟರು ಶುರು ಮಾಡಿದ್ದು. ಕೆಲವು ಸೆಕೆಂಡು ಜೋರಾಗಿ ಕರೆಂಟ್ ಕೊಟ್ಟು, ಬೇಕಂತಲೇ ಮಿದುಳಿನ್ಯಾಗ ಫಿಟ್ಸ್ ಬರೋ ಹಂಗ ಮಾಡ್ತಾರ. ಕೇಳಾಕ ಭಯ ಆಗತೈತಿ. ಆದ್ರ ಊಟಾ ಬಿಟ್ಟು, ಮಾತಾ ಬಿಟ್ಟು, ಜೀವಾ ಕಳಕೊಳ್ಳಾಕ ನಿಂತಂಥ ಮನಸಿನ ಬ್ಯಾನಿಗೆ ಇವತ್ತಿಗೂ ಅದು ಕೆಲಸ ಮಾಡೋ ಚಿಕಿತ್ಸೆ. ಬೆಂಗಳೂರಿನ ನಿಮ್ಹಾನ್ಸ್‌ನ್ಯಾಗ ನಿರ್ದೇಶಕರಾಗಿದ್ದ ಡಾ. ಬಿ.ಎನ್. ಗಂಗಾಧರ ಅವರಂಥವರು ಇದರ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡ್ಯಾರ. ಈಗ ಅರವಳಿಕೆ ಕೊಟ್ಟು, ಮೈ ಸಡಲ ಆಗೋ ಔಷಧ ಕೊಟ್ಟು ಮಾಡ್ತಾರ. ಹಂಗ ಕೊಡದ ಮಾಡಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದಿನ್ಯಾಗನ ಬರದಾರ.

ಆದ್ರ ಅತ್ತಿ ಹೇಳಿದ್ದು ಸುಳ್ಳಲ್ಲ. ಇಸಿಟಿ ಆದವರಿಗೆ ಆ ಹೊತ್ತಿನ ಆಸುಪಾಸಿನ ನೆಪ್ಪು ಮಸಕ ಆಗತೈತಿ. ಬಹಳಷ್ಟು ತಿರುಗಿ ಬರತೈತಿ, ಕೆಲವು ಬರಂಗಿಲ್ಲ. ಅತ್ತಿ ತಂಗಿ ಬ್ಯಾನಿಯಿಂದ ಎದ್ದು, ಎರಡು ಮಕ್ಕಳನ್ನ ಹಡದು, ಸಂಸಾರ ಮಾಡಿ ಹ್ವಾದ್ಲು. ಅಕ್ಕನ ಕುಬಸ ಮಾತ್ರ ಆಕಿಗೆ ತಿರುಗಿ ಬರಲಿಲ್ಲ. ಅತ್ತಿಗೆ ಉಳಿದದ್ದು ಅದೊಂದ. ತಂಗಿ ಎದ್ದು ಕುಂತದ್ದು ಕರೆಂಟಿನಿಂದ ಅನ್ನೋದನ್ನ ಮನ್ಯಾಗ ಯಾರೂ ಅವರಿಗೆ ಹೇಳಿರಲಿಲ್ಲ. ನಾವೂ ಯಾರೂ ಕೇಳಿರಲಿಲ್ಲ.

ಈಗ ಸಣ್ಣಾಕಿ ಹೇಳಿದ ಕರೆಂಟು. ಇದು ಬ್ಯಾರೆ. ನಿಮ್ಮ ಮೊಬೈಲ್ ಚಾರ್ಜರ್ ಹಿಂದ ನೋಡ್ರಿ, 1 ಆಂಪಿಯರ್ ಅಂತನೋ 2 ಅಂತನೋ ಬರದಿರತೈತಿ. ಒಂದು ಆಂಪಿಯರ್ ಅಂದ್ರ ಸಾವಿರ ಮಿಲಿ ಆಂಪಿಯರ್. ಇಸಿಟಿಯಾಗ ಎಂಟುನೂರು ಮಿಲಿ ಆಂಪಿಯರ್ ಆಸುಪಾಸು ಇರತೈತಿ. ಈ ಸಣ್ಣ ಕರೆಂಟಿನ ಚಿಕಿತ್ಸೆಯಾಗ 1 ಇಲ್ಲಾ 2 ಮಿಲಿ ಆಂಪಿಯರ್ ಅಷ್ಟ. ಫಿಟ್ಸ್ ಬರೋ ಹಂಗ ಮಾಡಂಗಿಲ್ಲ, ಅರವಳಿಕೆ ಬೇಕಿಲ್ಲ, ಎಚ್ಚರ ಇದ್ದಾಗನ ಕುಂಡ್ರಿಸಿ ಕೊಡ್ತಾರ. ತಲಿ ಚರ್ಮ ಚುಮುಚುಮು ಅಂತೈತಿ ಅಂತ. ನಿಮ್ಹಾನ್ಸ್‌ನ್ಯಾಗ ಇದನ್ನೂ ಬಳಸ್ತಾರ. ಯಾರೂ ಇಲ್ಲದಿದ್ರೂ ಕಿವ್ಯಾಗ ಮಾತು ಕೇಳಿಸ್ತಾವಲ್ಲ, ಅಂಥಾ ರೋಗಿಗಳಿಗೆ ಗುಳಿಗಿ ಜೋಡಿ 2 ಮಿಲಿ ಆಂಪಿಯರ್, 20 ನಿಮಿಷ, ದಿನಕ್ಕ ಎರಡು ಸಲ, 5 ದಿನ ಕೊಟ್ಟು ಅಲ್ಲಿನ ಡಾ. ಗಣೇಶನ್ ವೆಂಕಟಸುಬ್ರಮಣಿಯನ್ ಅವರ ತಂಡ ಅಧ್ಯಯನ ಮಾಡೇತಿ. ಅಂದ್ರ ಇದು ಬರೇ ಯಾರದೋ ಮಾತಲ್ಲ, ಡಾಕ್ಟರ ಕೈಯಾಗಿನ ವಿದ್ಯಾ. ಆದ್ರ ಅದು ಬ್ಯಾನಿ ಬಂದವರಿಗೆ. ನನ್ನ ಮಗಳಿಗೆ ಇರೋದು ಬ್ಯಾನಿ ಅಲ್ಲ, ಪರೀಕ್ಷಿ.

ಹಂಗಾದ್ರ ಮಲಗಿದಾಗ ಕರೆಂಟ್ ಕೊಟ್ರ ನೆಪ್ಪು ಹೆಚ್ಚಾಗತೈತಿ ಅನ್ನೋ ಮಾತು ಎಲ್ಲಿಂದ ಬಂತು? ಅದನ್ನ ತಿಳಕೋಬೇಕಂದ್ರ ಮೊದಲ ನಿದ್ದಿ ಏನು ಮಾಡತೈತಿ ಅಂತ ತಿಳಕೋಬೇಕು.

ನೆಲ್ಲು ಕೊಯ್ಲಿನ ಹೊತ್ತಿಗೆ ನಮ್ಮ ಶ್ರೀರಾಮನಗರದ ರಸ್ತಿ ನೋಡೀರಲ್ಲ. ಮಷೀನ್ ಕೊಯ್ದು ಟ್ರ್ಯಾಕ್ಟರಿಗೆ ಸುರೀತೈತಿ, ಟ್ರ್ಯಾಕ್ಟರ್ ತಂದು ತಾಡಪಾಲಿನ ಮ್ಯಾಲೆ ಸುರೀತೈತಿ. ಅದು ತಾಡಪಾಲಿನ ಮ್ಯಾಲೆ ಇರೋತನಕ ನಮ್ಮದಲ್ಲ. ಮಳಿ ಬರಬಹುದು, ದನ ಬರಬಹುದು, ಮರುದಿನದ ರಾಶಿ ಅದರ ಮ್ಯಾಲೆ ಬೀಳಬಹುದು. ತಿರುವಿ ಹಾಕಿ, ಒಣಗಿಸಿ, ಚೀಲ ತುಂಬಿ ಒಳಗ ಇಟ್ಟಾಗನ ನಮ್ಮದು.

ಮಿದುಳಿನ್ಯಾಗೂ ಹಂಗ ಅಂತ. ಹಗಲ ಕಲ್ತದ್ದು ಮೊದಲ ಬೀಳೋದು ಹಿಪೊಕ್ಯಾಂಪಸ್ ಅನ್ನೋ ಸಣ್ಣ ಜಾಗದಾಗ. ಅದು ತಾಡಪಾಲ. ಮ್ಯಾಲಿನ ದೊಡ್ಡ ಮಿದುಳಿನ ಪದರ ಐತಲ್ಲ, ಕಾರ್ಟೆಕ್ಸ್ ಅಂತಾರ, ಅದು ಗೋದಾಮು. ಹಗಲೆಲ್ಲ ಹೊಸಾದು ಬಂದು ಬೀಳ್ತಾನ ಇರತೈತಿ. ರಾತ್ರಿ ಬಾಗಿಲ ಮುಚ್ಚಿದ ಮ್ಯಾಲೆ ಸಾಗಸೋ ಕೆಲಸ ಜೋರಾಗತೈತಿ. 1994ರಾಗ ವಿಲ್ಸನ್, ಮೆಕ್‌ನಾಟನ್ ಅನ್ನೋ ಇಬ್ಬರು ಇಲಿ ಮಿದುಳಿನ್ಯಾಗ ಇದನ್ನ ಕಂಡ್ರು. ಹಗಲ ಇಲಿ ಓಡಾಡುವಾಗ ಯಾವ ಜೀವಕೋಶ ಕೂಡಿ ಮಿಡದಿದ್ದುವೋ, ಅವ ಕೋಶ ರಾತ್ರಿ ನಿದ್ದ್ಯಾಗ ಮತ್ತ ಕೂಡಿ ಮಿಡದುವು. ನಾವು ನೆಲ್ಲು ತಿರುವಿ ಹಾಕಿದಂಗ, ಮಿದುಳು ಹಗಲಿನದನ್ನ ತಿರುವಿ ಹಾಕತೈತಿ.

ಮಲಗಿದ್ರ ಮರವು ಕಡಿಮಿ ಅನ್ನೋದು ಹೊಸಾ ಮಾತೂ ಅಲ್ಲ. 1924ರಾಗನ ಅಮೇರಿಕದ ಜೆಂಕಿನ್ಸ್, ಡಾಲೆನ್‌ಬ್ಯಾಕ್ ಅನ್ನೋರು ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥ ಇಲ್ಲದ ಅಕ್ಷರ ಬಾಯಿಪಾಠ ಮಾಡಿಸಿ ನೋಡ್ಯಾರ. ಮಾಡಿ ಮಲಗಿದಾಗ ಉಳಿದದ್ದು ಹೆಚ್ಚು, ಮಾಡಿ ಎಚ್ಚರ ಇದ್ದಾಗ ಉಳಿದದ್ದು ಕಡಿಮಿ.

ಈ ಸಾಗಸೋ ಕೆಲಸ ಎಲ್ಲಾ ನಿದ್ದ್ಯಾಗೂ ಒಂದ ನಮೂನಿ ಆಗಂಗಿಲ್ಲ. ಫಿಟ್ಸ್ ಬಂದವರಿಗೆ ತಲಿಗೆ ತಂತಿ ಅಂಟಿಸಿ ಇಇಜಿ ತೆಗೀತಾರಲ್ಲ, ಅದನ್ನ ಮಲಗಿದವರಿಗೆ ಹಚ್ಚಿ ನೋಡಿದ್ರ, ಆಳ ನಿದ್ದ್ಯಾಗ ದೊಡ್ಡ ದೊಡ್ಡ ತೆರಿ ಕಾಣತಾವು. ಸೆಕೆಂಡಿಗೆ ಒಂದಕ್ಕಿಂತ ಕಡಿಮಿ, ನಿಧಾನಕ್ಕ ಏರಿ ನಿಧಾನಕ್ಕ ಇಳಿಯೋವು. ಆ ತೆರಿ ತೂಗುವಾಗನ ತಾಡಪಾಲಿನಿಂದ ಗೋದಾಮಿಗೆ ಚೀಲ ಸಾಗತಾವು ಅಂತ ಈಗಿನ ತಿಳವಳಿಕಿ. ಈ ಆಳ ನಿದ್ದಿ ಹೆಚ್ಚು ಇರೋದು ರಾತ್ರಿ ಮೊದಲ ಅರ್ಧದಾಗ. ಬೆಳಗಿನ ಕಡೆ ಕನಸಿನ ನಿದ್ದಿ ಹೆಚ್ಚು. ಎರಡೂ ಬೇಕು.

ಇಲ್ಲಿಗೆ ಬಂತು ನೋಡ್ರಿ ಕರೆಂಟಿನ ಮಾತು. ಜರ್ಮನಿಯ ಲ್ಯೂಬೆಕ್ ಊರಾಗ ಲಿಸಾ ಮಾರ್ಷಲ್ ಅನ್ನೋ ಹೆಣ್ಮಗಳು, ಯಾನ್ ಬಾರ್ನ್ ಮತ್ತ ಅವರ ಜೊತಿಯವ್ರು ಒಂದು ವಿಚಾರ ಮಾಡಿದ್ರು. ಆ ತೆರಿ ತೂಗೋ ಲಯದಾಗನ ಹೊರಗಿಂದ ಸಣ್ಣ ಕರೆಂಟ್ ತೂಗಿದ್ರ ತೆರಿ ದೊಡ್ಡದಾಗತೈತೋ ಇಲ್ಲೋ? 13 ಮಂದಿ ಗಟ್ಟಿಮುಟ್ಟಾದ ಎಳೆ ವಯಸ್ಸಿನವರಿಗೆ ಸಂಜಿ ಮುಂದ 46 ಜೋಡಿ ಪದ ಕಲಿಸಿದ್ರು. ಮಲಗಿ ನಿದ್ದಿ ಹತ್ತಿದ ಮ್ಯಾಲೆ ಹಣಿ ಹತ್ರ, ಕಿವಿ ಹಿಂದ ಬಿಲ್ಲೆ ಹಚ್ಚಿ ಕರೆಂಟ್ ಕೊಟ್ರು. ಐದೈದು ನಿಮಿಷದ ಹಂಗ ಐದು ಸಲ. ಎಷ್ಟು ಕರೆಂಟು? ಒಂದು ಮಿಲಿ ಆಂಪಿಯರಿನ ಕಾಲು ಭಾಗದ ಆಸುಪಾಸು. ಅವ ಮಂದಿಗೆ ಇನ್ನೊಂದು ರಾತ್ರಿ ಬಿಲ್ಲೆ ಹಚ್ಚಿದ್ರು, ಕರೆಂಟ್ ಮಾತ್ರ ಕೊಡಲಿಲ್ಲ. ಬರೇ ಬಿಲ್ಲೆ ಹಚ್ಚಿದ ರಾತ್ರಿಯ ಮುಂಜಾನಿ, ಮಲಗೋ ಮೊದಲಿಗಿಂತ ಸರಾಸರಿ 2.08 ಪದ ಹೆಚ್ಚಿಗಿ ನೆಪ್ಪಾದುವು. ಕರೆಂಟ್ ಕೊಟ್ಟ ರಾತ್ರಿಯ ಮುಂಜಾನಿ 4.77. 2006ರಾಗ ನೇಚರ್ ಅನ್ನೋ ದೊಡ್ಡ ವಿಜ್ಞಾನ ಪತ್ರಿಕ್ಯಾಗ ಇದು ಅಚ್ಚಾತು. ಜಗತ್ತೆಲ್ಲ ಹುಬ್ಬೇರಿಸ್ತು.

ಸಣ್ಣಾಕಿ ಇದನ್ನ ಓದಿದ ಕೂಡ್ಲೆ "ನೋಡವಾ, ನಾ ಹೇಳಲಿಲ್ಲಾ" ಅಂದ್ಲು. ನಾ ಅಂದೆ, "ತಡಿ. 46ರಾಗ ಹೆಚ್ಚಾದದ್ದು ಎಷ್ಟು? ಎರಡೂ ಮುಕ್ಕಾಲು ಪದ. ಮತ್ತ ಕರೆಂಟ್ ಇಲ್ಲದನೂ ಎರಡು ಹೆಚ್ಚಾಗ್ಯಾವಲ್ಲ, ಅವನ್ನ ಯಾರು ಕೊಟ್ರು?"

ಆಕಿ ಸುಮ್ಮನಾದ್ಲು. ಆಮ್ಯಾಲೆ ತಾನ ಅಂದ್ಲು: "ನಿದ್ದಿ."

ಮುಂದ ಓದಿದ್ದು ಇನ್ನೂ ಚಂದ ಐತಿ. ಪಂಚಮಿಗೆ ನಾವು ಜೋಕಾಲಿ ಆಡೀವಲ್ಲ. ಹಿಂದಿನಿಂದ ತಳ್ಳಾಕಿ ಯಾವಾಗ ತಳ್ಳಬೇಕು? ಜೋಕಾಲಿ ಹಿಂದ ಬಂದು, ಇನ್ನೇನು ಮುಂದ ಹೊಳ್ಳತೈತಿ ಅನ್ನುವಾಗ ಒಂದು ಬೆರಳಿನ್ಲೆ ತಳ್ಳಿದ್ರೂ ಸಾಕು, ಮ್ಯಾಲೆ ಹೋಗತೈತಿ. ಬರೋ ಜೋಕಾಲಿಗೆ ಅಡ್ಡ ತಳ್ಳಿದ್ರ ಎಷ್ಟು ಜೋರು ತಳ್ಳಿದ್ರೂ ನಿಂದರತೈತಿ, ಮ್ಯಾಲೆ ಇದ್ದಾಕಿ ಬೀಳೋದು ಬ್ಯಾರೆ. ಲ್ಯೂಬೆಕ್‌ನವರ ಕರೆಂಟು ಸೆಕೆಂಡಿಗೆ ಮುಕ್ಕಾಲು ಸಲ, ಅಂದ್ರ ನಾಕ ಸೆಕೆಂಡಿಗೆ ಮೂರು ಸಲ ತೂಗತಿತ್ತು. ಅದನ್ನ ಸೆಕೆಂಡಿಗೆ ಐದು ಸಲ ತೂಗೋ ಹಂಗ ಮಾಡಿದ್ರ, ಆಳ ನಿದ್ದಿ ತೆರಿ ಕಡಿಮಿ ಆದುವು, ನೆಪ್ಪಿಗೆ ಲಾಭ ಆಗಲಿಲ್ಲ. 2009ರಾಗ ಅದ ತಂಡದವರು ನಿಧಾನದ ಕರೆಂಟನ್ನ ಎಚ್ಚರ ಇದ್ದವರಿಗೆ, ಪದ ಕಲ್ತ ಮ್ಯಾಲೆ ಕೊಟ್ಟು ನೋಡಿದ್ರು. ಕಲ್ತದ್ದು ಗಟ್ಟಿ ಆಗಲಿಲ್ಲ. ಅಂದ್ರ ಕರೆಂಟಿನ್ಯಾಗ ನೆಪ್ಪು ಇಲ್ಲ. ಜೋಕಾಲಿ ಮೊದಲ ತೂಗತಿರಬೇಕು, ಕರೆಂಟು ಬರೇ ತಳ್ಳೋ ಬೆರಳು. ನಿದ್ದಿನ ಇಲ್ಲದಾಕಿಗೆ ಆ ಬೆರಳು ತಗೊಂಡು ಏನು ಮಾಡೋದು?

ತಳ್ಳಾಕ ಕರೆಂಟನ ಬೇಕು ಅಂತನೂ ಇಲ್ಲ. 2013ರಾಗ ಬಾರ್ನ್ ಅವರ ತಂಡನ ಮಲಗಿದವರಿಗೆ ಸಣ್ಣ ಸಪ್ಪಳ ಕೇಳಿಸಿ ನೋಡ್ತು. ತೆರಿ ಏರೋ ಹೊತ್ತಿಗೆ ಸರಿಯಾಗಿ ಸಪ್ಪಳ ಮಾಡಿದ್ರ ತೆರಿ ದೊಡ್ಡ ಆದುವು, ಮುಂಜಾನಿ ಪದ ಹೆಚ್ಚು ನೆಪ್ಪಾದುವು. ತಾಳ ತಪ್ಪಿ ಮಾಡಿದ್ರ ಏನೂ ಇಲ್ಲ. 2019ರಾಗ ಸ್ವಿಟ್ಜರ್ಲೆಂಡಿನ ಜಿನೀವಾದಾಗ 18 ಮಂದಿಯನ್ನ ತೂಗೋ ಮಂಚದ ಮ್ಯಾಲೆ ರಾತ್ರಿಪೂರ್ತಿ ಮಲಗಿಸಿದ್ರು. ನಾಕ ಸೆಕೆಂಡಿಗೆ ಒಂದು ತೂಗು. ಲಗೂನ ನಿದ್ದಿ ಹತ್ತಿತು, ಆಳ ನಿದ್ದಿ ಹೆಚ್ಚಾತು, ಸಂಜಿ ಕಲ್ತ ಪದನೂ ಚಲೋ ನೆಪ್ಪಿದ್ದುವು. ಇದನ್ನ ಅತ್ತಿಗೆ ಹೇಳಿದ್ರ, ಬಾಯಿಗೆ ಸೆರಗು ಹಿಡಕೊಂಡು ನಕ್ಕರು. "ಅದಕ್ಕ ಅಷ್ಟು ದೂರ ಹೋಗಬೇಕಾಗಿತ್ತಾ? ನನ್ನ ಕೇಳಿದ್ರ ತೊಟ್ಟಲ ತೂಗಿ ತೋರಸ್ತಿದ್ದೆ." ಊಟ ಬಿಟ್ಟು ಎದ್ದು ಹೋದ ದಿನದಿಂದ ಅವರು ನಕ್ಕಿದ್ದು ಅದ ಮೊದಲು.

ಈಗ ಕಸುವಿಲ್ಲದ ಕಡೆ ಹೇಳ್ತೀನಿ. ಒಂದು ಸಲ ಆದದ್ದು ಎಲ್ಲಾರಿಗೂ ಆಗಬೇಕಲ್ಲ? 2006ರ ಮ್ಯಾಲೆ ಬ್ಯಾರೆ ಬ್ಯಾರೆ ಕಡೆ ಅದನ್ನ ಮಾಡಿ ನೋಡ್ಯಾರ. ಕೆಲವು ಕಡೆ ಬಂದೈತಿ, ಕೆಲವು ಕಡೆ ಬಂದಿಲ್ಲ. 2017ರಾಗ ಅಮೇರಿಕದಾಗ, ಫಿಟ್ಸ್ ಆಪರೇಷನ್ನಿಗಂತ ಮಿದುಳಿನೊಳಗನ ತಂತಿ ಇಟ್ಟಿದ್ದ ರೋಗಿಗಳಿಗೆ ಮಲಗಿದಾಗ ಹೊರಗಿಂದ ಈ ಕರೆಂಟ್ ಕೊಟ್ಟು, ಒಳಗಿನ ಲಯ ಬದಲಾಗತೈತೇನು ಅಂತ ನೋಡಿದ್ರು. ಕರೆಂಟಿನ ತಾಳಕ್ಕ ಮಿದುಳು ಕುಣಿಯಲಿಲ್ಲ. 2018ರಾಗ ಇನ್ನೊಂದು ತಂಡ ಅಳದು ನೋಡಿದ್ರ, ಹೊರಗ ಹಚ್ಚಿದ ಕರೆಂಟಿನ್ಯಾಗ ನಾಕರಾಗ ಮೂರು ಪಾಲು ಚರ್ಮ, ಮಾಂಸ, ತಲಿಬುರುಡಿ ಇವುಗಳಾಗನ ಹೋಗಿಬಿಡತೈತಿ. ಹಂಗಂತ ಮಾರ್ಷಲ್ ಅವರದು ಸುಳ್ಳು ಅಂತಲ್ಲ. ಕೆಲಸ ನಡದೈತಿ, ಮುಗದಿಲ್ಲ. ಮುಗಿಯದ ಕೆಲಸಾನ ಪೆಟ್ಟಿಗ್ಯಾಗ ಹಾಕಿ, ಪರೀಕ್ಷಿ ಮಕ್ಕಳಿಗೆ ಮಾರೋದು ಐತಲ್ಲ, ಅದು ನನಗ ಸರಿ ಅನಸಲಿಲ್ಲ.

ಮನ್ಯಾಗ ತಾವ ಹಚ್ಕೊಳ್ಳೋದ್ರಾಗ ಇನ್ನೊಂದು ತೊಂದ್ರಿ ಐತಿ. ಲ್ಯೂಬೆಕ್‌ನ್ಯಾಗ ಯಾರು ಯಾವಾಗ ನಿದ್ದಿಗೆ ಜಾರಿದ್ರು ಅಂತ ಇಇಜಿ ನೋಡ್ಕೊಂತ ಕರೆಂಟ್ ಬಿಟ್ರು. ಮನ್ಯಾಗ ಅದನ್ನ ನೋಡೋರು ಯಾರು? ಕೆಲವು ಹುಡುಗರು 9 ವೋಲ್ಟಿನ ಬ್ಯಾಟರಿಗೆ ತಂತಿ ಕಟ್ಟಿ ತಾವ ತಲಿಗೆ ಹಚ್ಕೊಂತಾರಂತ. 2016ರಾಗ ಇದ ವಿಷಯದಾಗ ಕೆಲಸ ಮಾಡೋ ಹಲವಾರು ವಿಜ್ಞಾನಿಗಳು ಕೂಡಿ ಅಂಥವರಿಗೆ ಒಂದು ಬಹಿರಂಗ ಪತ್ರ ಬರದ್ರು. ಬಿಲ್ಲೆ ಹಚ್ಚಿದಲ್ಲಿ ಮಾತ್ರ ಕರೆಂಟ್ ಇರಂಗಿಲ್ಲ, ಆಸುಪಾಸು ಹರೀತೈತಿ. ಒಂದು ಬುದ್ಧಿ ಚುರುಕಾದ್ರ ಇನ್ನೊಂದು ಮಂದ ಆಗಬಹುದು. ಒಬ್ಬರಿಗೆ ಆದದ್ದು ಇನ್ನೊಬ್ಬರಿಗೆ ಉಲ್ಟಾ ಆಗಬಹುದು. ಆದ ಬದಲಾವಣಿ ಬಹಳ ದಿನ ಉಳೀಬಹುದು. ಇವು ಅವರ ಮಾತಿನ ತಾತ್ಪರ್ಯ. ಬಿಲ್ಲೆ ಸರಿ ಕುಂಡ್ರದಿದ್ರ ಚರ್ಮ ಸುಡೋದೂ ಉಂಟು. ಬೆಳಿಯೋ ಮಕ್ಕಳ ಮಿದುಳಿನ ಮ್ಯಾಲೆ ಆಟ ಆಡೋದು ಬ್ಯಾಡ. ಸಣ್ಣಾಕಿನ ಇದನ್ನ ಓದಿ, ತನ್ನ ಗೆಳತಿಗೆ ಕಳಿಸಿದ್ಲು.

ಇಷ್ಟು ಓದಿ ಮುಗಿಸಿದ ಮೂರನೇ ಐತವಾರ ಸಂಜಿ ನಾ ಲೆಕ್ಕದ ವಹಿಯಾಗ ಇನ್ನೊಂದು ಲೆಕ್ಕ ಬರದೆ. ಅದು ನನ್ನ ಲೆಕ್ಕ.

ಸಣ್ಣಾಕಿ ಗಂಗಾವತಿಯಾಗ ಕಾಲೇಜು, ಟ್ಯೂಷನ್ ಮುಗಿಸಿ ಬಸ್ಸಿಗೆ ಬರೂದ್ರಾಗ ರಾತ್ರಿ ಏಳೂವರಿ. ಊಟ ಮಾಡಿ ಹನ್ನೆರಡರ ತನಕ ಓದ್ತಿದ್ಲು. ಮುಂಜಾನಿ ನಾಕಕ್ಕ ನಾನ ಎಬ್ಬಸ್ತಿದ್ದೆ. ಕೈಯಾಗ ಚಾದ ಕಪ್ಪು ಹಿಡಕೊಂಡು, "ಏಳವಾ, ಬೆಳಗಿನ ಜಾವ ಓದಿದ್ದು ತಲ್ಯಾಗ ಕುಂದರತೈತಿ" ಅಂತ. ನಮ್ಮಪ್ಪ ನನಗ ಹೇಳಿದ ಮಾತು ಅದು. ಆದ್ರ ನಮ್ಮಪ್ಪ ನಮ್ಮನ್ನ ರಾತ್ರಿ ಎಂಟೂವರಿಗೆನ ಮಲಗಸ್ತಿದ್ದ, ಆಗ ಎಣ್ಣಿ ದೀಪ, ಓದೇನಂದ್ರೂ ಬೆಳಕಿರಲಿಲ್ಲ. ಆ ಅರ್ಧ ಮಾತು ನಾ ಮರತಿದ್ದೆ. ಹದಿಮೂರರಿಂದ ಹದಿನೆಂಟು ವರ್ಷದ ಮಕ್ಕಳಿಗೆ 8ರಿಂದ 10 ತಾಸು ನಿದ್ದಿ ಬೇಕು ಅಂತಾರ ನಿದ್ದಿ ಡಾಕ್ಟರು. ನನ್ನ ಮಗಳಿಗೆ ನಾ ಕೊಟ್ಟದ್ದು ನಾಕ ತಾಸು. ವಾರಕ್ಕ ಲೆಕ್ಕ ಹಾಕಿದ್ರ 28 ತಾಸು ಕಡಿಮಿ. ಆಕಿ ಹಗಲೆಲ್ಲ ನೆಲ್ಲು ತಂದು ತಾಡಪಾಲಿಗೆ ಸುರೀತಿದ್ಲು. ಚೀಲ ತುಂಬಾಕ ಮಂದಿ ಬರೋ ಹೊತ್ತಿಗೆ ನಾ ಅವರನ್ನ ಎಬ್ಬಿಸಿ ಕಳಸ್ತಿದ್ದೆ. "ರಾತ್ರಿ ಓದಿದ್ದು ಮುಂಜಾನಿ ಬರವಲ್ದು" ಅಂತ ಆಕಿ ಅತ್ತಾಗ, "ಲಕ್ಷ್ಯ ಕೊಟ್ಟು ಓದು" ಅಂತ ಬೈದದ್ದೂ ನಾನ.

ಆ ಸಾಲು ಬರದು ಸ್ವಲ್ಪ ಹೊತ್ತು ವಹಿ ಮುಚ್ಚಿ ಕುಂತೆ. ಯಂತ್ರ ತರಿಸ್ರಿ ಅಂತ ಮಗಳು ಕೇಳಿದ್ದು ದುಡ್ಡಿನ ಶೋಕಿಗಲ್ಲ. ಆಕಿ ಕೇಳಿದ್ದು ನಿದ್ದಿ. ನಿದ್ದಿ ಬೇಕು ಅಂತ ಬಾಯಿಬಿಟ್ಟು ಕೇಳಾಕ ಧೈರ್ಯ ಇರಲಿಲ್ಲ. ಯಾಕಂದ್ರ ನಮ್ಮ ಮನ್ಯಾಗ ಮಲಗೋದು ಅಂದ್ರ ಮೈಗಳ್ಳತನ. ಕರೆಂಟ್ ಹಚ್ಕೊಂಡಾದ್ರೂ ಮಲಗಿದ್ರ "ಓದಾಕ ಹತ್ಯಾಳ" ಅಂತ ಲೆಕ್ಕಕ್ಕ ಬರತೈತಿ ಅಂತ ಆಕಿಗೆ ಅನಿಸಿತ್ತೇನೋ. ಕೇಳಿದೆ. "ಹೂಂ ಅವ್ವಾ" ಅಂದ್ಲು, ಮಾರಿ ಅತ್ತಾಗ ತಿರುಗಿಸಿ.

ಈಗ ಹತ್ತೂವರಿಗೆ ದೀಪ ಆರಿಸ್ತೀವಿ. ಫೋನ್ ನನ್ನ ಖೋಲ್ಯಾಗ. ಕಷ್ಟದ ಪಾಠ ಸಂಜಿ ಮುಂದ, ಸುಲಭದ್ದು ಮುಂಜಾನಿ. ಆರೂವರಿಗೆ ತಾನ ಏಳ್ತಾಳ. ನಮ್ಮನೆಯವ್ರು ಎರಡು ದಿನ ಮುಖ ಗಂಟ ಹಾಕ್ಕೊಂಡಿದ್ರು. "ಪಕ್ಕದ ಮನಿ ಹುಡುಗನ ದೀಪ ಇನ್ನೂ ಉರ್ಯಾಕ ಹತ್ತೈತಿ" ಅಂದ್ರು. "ಉರೀಲಿ ಬಿಡ್ರಿ, ಬಿಲ್ಲು ಅವರದು" ಅಂದೆ. ಪಕ್ಕದ ಮನಿ ತೆಲುಗು ಅಕ್ಕ ಇದನ್ನ ಓದ್ತಾರ, ಗೊತ್ತೈತಿ. ಅಕ್ಕಾ, ಸಿಟ್ಟಾಗಬ್ಯಾಡ್ರಿ, ನಿಮ್ಮ ಹುಡುಗನ್ನೂ ಮಲಗಸ್ರಿ.

ಆಕಿಗೆ ಮಾರ್ಕ್ಸ್ ಹೆಚ್ಚು ಬಂದುವಾ ಅಂತ ಕೇಳಬ್ಯಾಡ್ರಿ. ಪರೀಕ್ಷಿ ಇನ್ನೂ ಆಗಿಲ್ಲ. ಹೆಚ್ಚು ಬಂದ್ರೂ ನಿದ್ದಿಯಿಂದನ ಬಂತು ಅಂತ ಹೇಳಾಕ ಆಗಂಗಿಲ್ಲ, ಕಡಿಮಿ ಬಂದ್ರೂ ನಿದ್ದಿಯಿಂದ ಹೋತು ಅನ್ನಾಕ ಆಗಂಗಿಲ್ಲ. ಒಂದು ಮಾತ್ರ ಹೇಳ್ತೀನಿ, "ಬರವಲ್ದು" ಅಂತ ಮುಂಜಾನಿ ಅಳೋದು ನಿಂತೈತಿ.

ಕಡೀಕ ಅತ್ತಿ ಮಾತು. ಮೊನ್ನೆ ಅಕ್ಕಿ ಆರಸ್ಕೊಂತ ಕುಂತಾಗ ಸಣ್ಣ ದನಿಲೆ ಕೇಳಿದ್ರು: "ಏನ ಯವ್ವಾ, ಆ ಸಣ್ಣ ಕರೆಂಟು ಮುದಿಕೇರ ಮರವಿಗೆ ಆಗತೈತೇನ?" ಈಚೀಚೆ ಅವರಿಗೆ ಒಲಿ ಮ್ಯಾಲಿನ ಹಾಲು ಮರೀತೈತಿ, ಬಂದವರ ಹೆಸರು ಮರೀತೈತಿ. ಬೈತಿದ್ದ ಮನಿಷಾನ ಕೇಳಿದ್ರಲ್ಲ ಅಂತ ನನಗ ಕರಳು ಚುರ್ ಅಂತು.

ಇದ್ದದ್ದು ಇದ್ದಂಗ ಹೇಳಿದೆ. ವಯಸ್ಸಾದಂಗ ಆಳ ನಿದ್ದಿ ತೆಳ್ಳಗ ಆಗತೈತಿ, ಮರವಿಗೆ ಅದೂ ಒಂದು ಕಾರಣ ಇರಬಹುದು. 2013ರಾಗ ಬರ್ಲಿನ್‌ನ್ಯಾಗ ವಯಸ್ಸಾದವರಿಗೆ ಮಲಗಿದಾಗ ಈ ಕರೆಂಟ್ ಕೊಟ್ಟು ನೋಡಿದ್ರು, ಲಾಭ ಕಾಣಲಿಲ್ಲ. 2017ರಾಗ, ಮರವು ಈಗಷ್ಟ ಶುರುವಾದ 16 ಮಂದಿಗೆ ಮಧ್ಯಾಹ್ನದ ನಿದ್ದ್ಯಾಗ ಕೊಟ್ರ, ನೋಡಿದ ಚಿತ್ರ ನೆಪ್ಪಿಡೋದ್ರಾಗ ಒಂದಿಷ್ಟು ಸುಧಾರಣಿ ಕಂಡಿತು. ಆಸೆ ಐತಿ, ಔಷಧ ಅಂತ ಇನ್ನೂ ಆಗಿಲ್ಲ. ನಿಮ್ಹಾನ್ಸ್‌ನ್ಯಾಗ ಡಾ. ಬಿಂದು ಕುಟ್ಟಿ ಅವರ ತಂಡ, ವರ್ಷಗಟ್ಟಲೆ ವಿಪಶ್ಯನ ಧ್ಯಾನ ಮಾಡಿದವರ ನಿದ್ದಿ ಅಳದು ನೋಡೇತಿ. ನಡುವಯಸ್ಸಿನ್ಯಾಗೂ ಅವರ ಆಳ ನಿದ್ದಿ ಎಳೆಯರ ಹಂಗ ಉಳಕೊಂಡಿತ್ತಂತ. ಇಷ್ಟು ಹೇಳಿ, "ಅತ್ತಿ, ನಿಮ್ಮನ್ನ ಒಂದ್ಸಲ ಡಾಕ್ಟರಿಗೆ ತೋರಸೂಣು" ಅಂದೆ. ಮನಸಿನ ಡಾಕ್ಟರು ಅಂದ್ರ ಮೊದಲಾದ್ರ ಮನಿ ಬಿಟ್ಟು ಓಡಸ್ತಿದ್ರು. ಈ ಸಲ ಅಕ್ಕಿಯಾಗಿನ ಹಳ್ಳು ಆರಿಸಿ ಬಾಜೂಕ ಇಟ್ಟು, "ನೋಡೂಣು, ಪಂಚಮಿ ಆಗಲಿ" ಅಂದ್ರು.

ಆಮ್ಯಾಲೆ ತಾವ ಶುರು ಮಾಡಿದ್ರು. ತಮ್ಮ ಕುಬಸದ ದಿನ ತಂಗಿ ಯಾವ ಸೀರಿ ಉಟ್ಟಿದ್ಲು, ಹಸರ ಬಳಿ ಇಡಸೂಮುಂದ ಒಂದು ಬಳಿ ಒಡದು ಹೆಂಗ ಎಲ್ಲಾರೂ ಗಾಬರಿ ಆದ್ರು, ತಂಗಿ ಹೆಂಗ ನಗಿಸಿದ್ಲು ಅಂತ. ಮೂವತ್ತೈದು ವರ್ಷ ನಮ್ಮ ಮನ್ಯಾಗ ಯಾರೂ ಕೇಳದ ಮಾತು. ತಂಗಿ ಮರತದ್ದನ್ನೆಲ್ಲ ಅಕ್ಕ ಒಬ್ಬಾಕಿನ ಹೊತ್ಕೊಂಡಿದ್ಲು. ಸಣ್ಣಾಕಿ ಪುಸ್ತಕ ಮುಚ್ಚಿಟ್ಟು ಬಾಗಿಲಾಗ ನಿಂತು ಕೇಳಿದ್ಲು. ಬೈಯಲಿಲ್ಲ ನಾ.

ನಂದೊಂದು ಚಟ ಮಾತ್ರ ಬಿಟ್ಟಿಲ್ಲ ನೋಡ್ರಿ. ನಾಕಕ್ಕ ನನಗ ಎಚ್ಚರ ಆಗತೈತಿ. ಎದ್ದು ಚಾಕ್ಕ ಇಡ್ತೀನಿ, ಕಪ್ಪು ಹಿಡಕೊಂಡು ಆಕಿ ಖೋಲಿ ಬಾಗಿಲ ತನಕ ಹೋಗ್ತೀನಿ. ಒಳಗ ಇಣಿಕಿ ನೋಡಿ, ಹೊದಿಕಿ ಸರಿ ಮಾಡಿ, ಕಟ್ಟಿಗೆ ಬಂದು ಕುಂತು ಆ ಚಾ ನಾನ ಕುಡೀತೀನಿ.